ವಿಎಲ್‌ಎಸ್‌ಐ ಸಂದರ್ಶನದ ತಯಾರಿಗೆ ಎಚ್‌ಡಿಎಲ್‌ಬಿಟ್ಸ್: ಎಷ್ಟರ ಮಟ್ಟಿಗೆ ನೆಚ್ಚಿಕೊಳ್ಳಬಹುದು?

ಎಲೆಕ್ಟ್ರಾನಿಕ್ಸ್ ಓದಿ ಚಿಪ್ ವಿನ್ಯಾಸದ (ವಿಎಲ್‌ಎಸ್‌ಐ) ಕೆಲಸಕ್ಕೆ ಪ್ರಯತ್ನಿಸುತ್ತಿರುವ ವಿದ್ಯಾರ್ಥಿಗಳು ಸಲಹೆ ಕೇಳಿದಾಗ ನಾನು ಮೊದಲು ಹೇಳುವ ಹೆಸರು ಎಚ್‌ಡಿಎಲ್‌ಬಿಟ್ಸ್. ಈ ಜಾಲತಾಣಕ್ಕೆ ಶುಲ್ಕವಿಲ್ಲ, ಯಾವ ಸಾಫ್ಟ್‌ವೇರನ್ನೂ ಅಳವಡಿಸಿಕೊಳ್ಳಬೇಕಾಗಿಲ್ಲ. ಡಿಜಿಟಲ್ ಸರ್ಕ್ಯೂಟನ್ನು ವಿವರಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ಬ್ರೌಸರಿನಲ್ಲೇ ಕೋಡ್ ಬರೆದು ಸಲ್ಲಿಸಿದರೆ ತಾಣವೇ ಅದನ್ನು ಕಂಪೈಲ್ ಮಾಡಿ, ಸಿಮ್ಯುಲೇಷನ್ ನಡೆಸಿ, ಸರಿಯೋ ತಪ್ಪೋ ಎಂದು ತಿಳಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು ಈ ಉದ್ಯಮಕ್ಕೆ ಇಲ್ಲಿ ಬುನಾದಿ ಹಾಕಿದ್ದರೂ, ನಮ್ಮ ಎಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ವೆರಿಲಾಗ್ ಎಂದರೆ ಕೈಪಿಡಿಯ ಪ್ರೋಗ್ರಾಮನ್ನು ನೋಡಿಕೊಂಡು ಟೈಪ್ ಮಾಡುವುದಷ್ಟೇ ಆಗಿ ಉಳಿದಿದೆ. ಆ ಕೊರತೆಯನ್ನು ಈ ತಾಣ ಬಹುಮಟ್ಟಿಗೆ ನೀಗಿಸುತ್ತದೆ.

ಇದರ ನಿಜವಾದ ಬಲವಿರುವುದು ತಪ್ಪನ್ನು ತೋರಿಸುವ ರೀತಿಯಲ್ಲಿ. ಉತ್ತರ ಹೊಂದದಿದ್ದರೆ ನಿಮ್ಮ ಸರ್ಕ್ಯೂಟಿನ ವೇವ್‌ಫಾರ್ಮ್ (ಕಾಲಕ್ಕೆ ತಕ್ಕಂತೆ ಸಂಕೇತಗಳು ಬದಲಾಗುವುದನ್ನು ತೋರಿಸುವ ಚಿತ್ರ) ಮತ್ತು ಸರಿಯಾದ ವೇವ್‌ಫಾರ್ಮ್ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಯಾವ ಕ್ಲಾಕ್ ಅಂಚಿನಲ್ಲಿ (ಕ್ಲಾಕ್ ಸಂಕೇತ ಏರುವ ಅಥವಾ ಇಳಿಯುವ ಕ್ಷಣದಲ್ಲಿ) ವ್ಯತ್ಯಾಸ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಒಂದು ಅಭ್ಯಾಸವನ್ನು ವಿಶೇಷವಾಗಿ ಹೇಳಬೇಕು. ಅದರಲ್ಲಿ ಸಿಪಿಯು ಕಾದಾಗ ಕಂಪ್ಯೂಟರನ್ನು ನಿಲ್ಲಿಸುವ ಕೋಡ್ ಕೊಟ್ಟಿದ್ದಾರೆ. 'ಇಫ್' ಇದೆ, 'ಎಲ್ಸ್' ಇಲ್ಲ. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ಈ ಕೋಡ್ ಹಳೆಯ ಬೆಲೆಯನ್ನೇ ಹಿಡಿದಿಟ್ಟುಕೊಳ್ಳುವ ಲ್ಯಾಚ್ ಒಂದನ್ನು ಸೃಷ್ಟಿಸುತ್ತದೆ, ಆದ್ದರಿಂದ ಒಮ್ಮೆ ನಿಂತ ಕಂಪ್ಯೂಟರು ನಿಂತೇ ಇರುತ್ತದೆ. ಸಂದರ್ಶನಗಳಲ್ಲಿ ಕಾಗದದ ಮೇಲೆ ನಾಲ್ಕು ಸಾಲು ಬರೆದು 'ಇದರಿಂದ ಯಾವ ಹಾರ್ಡ್‌ವೇರ್ ಬರುತ್ತದೆ?' ಎಂದು ಕೇಳುವುದು ಬಹಳ ಸಾಮಾನ್ಯ. ಈ ಅಭ್ಯಾಸವನ್ನು ಮನಸ್ಸಿಟ್ಟು ಮಾಡಿದವರು ಅಲ್ಲಿ ತಡವರಿಸುವುದಿಲ್ಲ. ಸ್ಟೇಟ್ ಮಷೀನ್‌ಗಳ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಸರ್ಕ್ಯೂಟುಗಳ) ವಿಭಾಗವೂ ಸಮೃದ್ಧವಾಗಿದೆ. ಸೀಕ್ವೆನ್ಸ್ ಡಿಟೆಕ್ಟರನ್ನು (ನಿರ್ದಿಷ್ಟ ಬಿಟ್‌ಗಳ ಸಾಲನ್ನು ಗುರುತಿಸುವ ಸರ್ಕ್ಯೂಟನ್ನು) ಮೀಲಿ ರೀತಿಯಲ್ಲಿ, ಎಂದರೆ ಔಟ್‌ಪುಟ್ ಸ್ಥಿತಿ ಮತ್ತು ಇನ್‌ಪುಟ್ ಎರಡನ್ನೂ ಅವಲಂಬಿಸುವಂತೆ ಬರೆಯಿರಿ, ಅದನ್ನೇ ಔಟ್‌ಪುಟ್ ಸ್ಥಿತಿಯನ್ನಷ್ಟೇ ಅವಲಂಬಿಸುವ ಮೂರ್ ರೀತಿಯಲ್ಲಿ ಬರೆದರೆ ಎಷ್ಟು ಸ್ಥಿತಿಗಳು ಬೇಕು ಎಂಬ ಪ್ರಶ್ನೆಗಳು ಹೊಸಬರ ಸಂದರ್ಶನದಲ್ಲಿ ತಪ್ಪುವುದು ಅಪರೂಪ.

ಆದರೆ ಇಷ್ಟರಿಂದಲೇ ತಯಾರಿ ಮುಗಿಯಿತೆಂದು ಭಾವಿಸಬಾರದು. ಇಲ್ಲಿನ ಸಿಮ್ಯುಲೇಷನ್ನಿನಲ್ಲಿ ಗೇಟುಗಳಿಗೆ ವಿಳಂಬವೆಂಬುದಿಲ್ಲ. ಸಂದರ್ಶಕರು ಹೆಚ್ಚು ಹೊತ್ತು ನಿಲ್ಲುವುದೋ ಸೆಟಪ್ ಟೈಮ್, ಹೋಲ್ಡ್ ಟೈಮ್‌ಗಳ (ಕ್ಲಾಕ್ ಅಂಚಿಗೆ ಮೊದಲು ಮತ್ತು ನಂತರ ಡೇಟಾ ಸ್ಥಿರವಾಗಿರಬೇಕಾದ ಸಮಯಗಳ) ಬಳಿ. ಎರಡು ಫ್ಲಿಪ್-ಫ್ಲಾಪ್‌ಗಳನ್ನು (ಕ್ಲಾಕ್ ಅಂಚಿನಲ್ಲಿ ಒಂದು ಬಿಟ್ಟನ್ನು ಹಿಡಿದಿಡುವ ಅಂಗಗಳನ್ನು) ಬರೆದು, ನಡುವಿನ ಲಾಜಿಕ್ಕಿನ ವಿಳಂಬ ಕೊಟ್ಟು, ಗರಿಷ್ಠ ಆವರ್ತನ ಎಷ್ಟೆಂದು ಕೇಳುತ್ತಾರೆ. ಅದಕ್ಕೆ ಉತ್ತರ ಬಂದ ಕೂಡಲೇ, ಕ್ಲಾಕನ್ನು ನಿಧಾನ ಮಾಡಿದರೆ ಹೋಲ್ಡ್ ದೋಷ ಹೋಗುತ್ತದೆಯೇ ಎಂಬ ಮುಂದಿನ ಪ್ರಶ್ನೆ ಬರುತ್ತದೆ. ಹೋಗುವುದಿಲ್ಲ, ಏಕೆಂದರೆ ಹೋಲ್ಡ್ ಪರೀಕ್ಷೆ ನಡೆಯುವುದು ಒಂದೇ ಅಂಚಿನಲ್ಲಿ. ಕ್ಲಾಕಿನ ಅವಧಿ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬೇರೆ ಬೇರೆ ಕ್ಲಾಕ್‌ಗಳ ನಡುವೆ ಸಂಕೇತ ದಾಟಿಸುವಾಗಿನ ಮೆಟಾಸ್ಟೆಬಿಲಿಟಿ (ಫ್ಲಾಪ್ 0 ಅಥವಾ 1 ಎಂದು ನಿರ್ಧರಿಸಲಾಗದೆ ಅತಂತ್ರವಾಗುವುದು), ಅದನ್ನು ತಗ್ಗಿಸುವ ಎರಡು ಫ್ಲಾಪ್‌ಗಳ ಸಿಂಕ್ರೊನೈಸರ್, ಬೇರೆ ಬೇರೆ ಕ್ಲಾಕ್‌ಗಳ ನಡುವಿನ ಸರತಿ-ಮೆಮೊರಿಯಾದ ಅಸಿಂಕ್ರೊನಸ್ ಫೈಫೋದ ಪಾಯಿಂಟರುಗಳಿಗೆ ಗ್ರೇ ಕೋಡ್ (ಒಮ್ಮೆಗೆ ಒಂದೇ ಬಿಟ್ ಬದಲಾಗುವ ಎಣಿಕೆ) ಏಕೆ ಬೇಕು ಎಂಬ ವಿಷಯಗಳಿಗೂ ಈ ತಾಣದಲ್ಲಿ ನೆರವು ಸಿಗದು. ಇವಕ್ಕೆ ಪಠ್ಯಪುಸ್ತಕವನ್ನೋ ಐಐಟಿಗಳ ಆನ್‌ಲೈನ್ ಪಾಠಯೋಜನೆಯಾದ ಎನ್‌ಪಿಟಿಇಎಲ್‌ನ ಉಚಿತ ಪಾಠಗಳನ್ನೋ ಆಶ್ರಯಿಸಬೇಕು.

ಇನ್ನೊಂದು ಎಚ್ಚರಿಕೆ. 'ಸಕ್ಸೆಸ್' ಎಂಬ ಫಲಿತಾಂಶ ಬಂದ ತಕ್ಷಣ ಮುಂದಿನದಕ್ಕೆ ಓಡುವ ಚಟ ಬೇಗ ಹತ್ತುತ್ತದೆ, ಉತ್ತರಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುವುದರಿಂದ ನಕಲು ಮಾಡುವುದೂ ಸುಲಭ. ಸಂದರ್ಶನದ ಕೋಣೆಯಲ್ಲಿ ಕಂಪೈಲರ್ ಇರುವುದಿಲ್ಲ. ಹಾಗಾಗಿ ಹನ್ನೆರಡು ಗಂಟೆಯ ಗಡಿಯಾರದಂಥ ದೊಡ್ಡ ಅಭ್ಯಾಸಗಳಿಗೆ ಮೊದಲು ಕಾಗದದ ಮೇಲೆ ಬ್ಲಾಕ್ ಚಿತ್ರ ಬರೆದು, 11:59:59ರ ನಂತರ ಏನೇನು ಬದಲಾಗಬೇಕೆಂದು ಬಾಯಿಬಿಟ್ಟು ವಿವರಿಸಿಕೊಂಡು, ಆಮೇಲೆ ಕೀಲಿಮಣೆ ಮುಟ್ಟುವುದು ಒಳ್ಳೆಯದು.

ವೆರಿಫಿಕೇಷನ್ (ವಿನ್ಯಾಸ ಸರಿಯಾಗಿದೆಯೇ ಎಂದು ಪರೀಕ್ಷಿಸುವ) ಹುದ್ದೆಗೆ ಹೋಗುವವರಿಗೆ ಇದರ ಉಪಯೋಗ ಕಡಿಮೆ. ಟೆಸ್ಟ್‌ಬೆಂಚ್ (ವಿನ್ಯಾಸವನ್ನು ಪರೀಕ್ಷಿಸುವ ಕೋಡ್) ಬರೆಯುವ ವಿಭಾಗ ತೀರ ಚಿಕ್ಕದು, ಪರೀಕ್ಷೆಗೆ ಬಳಸುವ ಪ್ರಮಾಣಿತ ವಿಧಾನವಾದ ಯುವಿಎಂ ಇಲ್ಲವೇ ಇಲ್ಲ. ಅಂಥವರು ವೆರಿಲಾಗ್ ಭಾಷೆಯ ವಿಭಾಗವನ್ನಷ್ಟೇ ಇಲ್ಲಿ ಮುಗಿಸಿಕೊಂಡು, ಸಿಸ್ಟಮ್‌ವೆರಿಲಾಗ್ (ವೆರಿಲಾಗ್‌ನ ವಿಸ್ತೃತ ರೂಪ) ಮತ್ತು ಯುವಿಎಂ ಎರಡನ್ನೂ ಬ್ರೌಸರಿನಲ್ಲೇ ಓಡಿಸಲು ಬರುವ ಇಡಿಎ ಪ್ಲೇಗ್ರೌಂಡ್‌ಗೆ ಹೋಗುವುದು ಸೂಕ್ತ.