ಪ್ಲಾನರ್, ಆ್ಯಪ್, 30 ರೂಪಾಯಿ ನೋಟ್‌ಬುಕ್: ಬಸ್ಸಿನಲ್ಲಿ ಎಂ.ಕಾಂ. ಓದುವವರಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು 30 ರೂಪಾಯಿಯ ಸಣ್ಣ ನೋಟ್‌ಬುಕ್ಕಿಗೆ, ಜೊತೆಗೆ ಅಡುಗೆಮನೆಯ ಗೋಡೆ ಕ್ಯಾಲೆಂಡರಿಗೆ. ಇಲ್ಲಿಗೆ ಬಂದು ಮುಟ್ಟುವ ಮೊದಲು 549 ರೂಪಾಯಿ ಕೊಟ್ಟು ಒಂದು ಪ್ಲಾನರ್ ತರಿಸಿದ್ದೆ. ಒಂದು ನೋಟ್ಸ್ ಆ್ಯಪ್‌ಗೆ ಎರಡು ಭಾನುವಾರ ಕೊಟ್ಟಿದ್ದೆ. ಫೋನಿನ ಕ್ಯಾಲೆಂಡರ್ ನಂಬಿ ಒಂದು ಅಸೈನ್‌ಮೆಂಟನ್ನೇ ಕಳೆದುಕೊಂಡೆ. ನನ್ನ ಹಾಗೆ ಕೆಲಸದ ಜೊತೆ ಆನ್‌ಲೈನ್ ಡಿಗ್ರಿಗೆ ಸೇರಿದವರು ಈಗ ತುಂಬಾ ಜನ ಇದ್ದಾರೆ. ಅವರಿಗೆ ಈ ತಲೆಬಿಸಿ ತಪ್ಪಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ದಿನ ಹೇಗೆ ಎಂದು ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ. ಮನೆ ಕಾಪುವಿನಲ್ಲಿ. ಕೆಲಸ ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆಡಿಟರ್ ಆಫೀಸಿನಲ್ಲಿ, ಶನಿವಾರವೂ ಉಂಟು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ಅಲ್ಲಿಗೆ ವಾರಕ್ಕೆ 15 ಗಂಟೆ ಬಸ್ಸಿನಲ್ಲೇ ಆಯಿತು. ಬೆಳಿಗ್ಗೆ ಸೀಟು ಸಿಗುತ್ತದೆ. ಸಂಜೆ ಹಾಗಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲೇ ತುಂಬಿಕೊಂಡು ಬರುವ ಬಸ್ಸಿಗೆ ನಾನು ಪಿವಿಎಸ್ ಸ್ಟಾಪಿನಲ್ಲಿ ಹತ್ತಬೇಕು. ಎಷ್ಟೋ ದಿನ ಸುರತ್ಕಲ್‌ವರೆಗೆ ನಿಂತೇ ಇರುತ್ತೇನೆ.

ಇನ್ನು ಓದಿನ ಲೆಕ್ಕ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ನನ್ನ ವಿಶ್ವವಿದ್ಯಾಲಯ ಬೇರೆ, ಆದರೆ ಅಂದಾಜಿಗೆ ನಾನು ಅದೇ ಲೆಕ್ಕ ಹಿಡಿದೆ. ಸೆಮಿಸ್ಟರಿಗೆ 4 ಕ್ರೆಡಿಟ್‌ನ ನಾಲ್ಕು ವಿಷಯ, ಒಟ್ಟು 480 ಗಂಟೆ. 20 ವಾರಕ್ಕೆ ಹಂಚಿದರೆ ವಾರಕ್ಕೆ 24 ಗಂಟೆ. ಸೇರುವ ಮೊದಲೇ ಈ ಲೆಕ್ಕ ಹಾಕಿ ನೋಡಿ. ಬಸ್ಸನ್ನು ಬಿಟ್ಟರೆ ನನ್ನ ಓದು ಆಗುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲೇ.

ಪ್ಲಾನರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಗಟ್ಟಿ ರಟ್ಟು, ಒಳ್ಳೆಯ ಹಾಳೆ. ಆದರೆ ಅದರ ವರ್ಷ ಜನವರಿಯಿಂದ ಡಿಸೆಂಬರ್, ನಾನು ಸೇರಿದ್ದು ಜುಲೈ ಸೆಷನ್‌ಗೆ. ಅರ್ಧ ಪುಸ್ತಕ ಕೈಗೆ ಬರುವಾಗಲೇ ದಂಡ. ಒಂದು ದಿನಕ್ಕೆ ಒಂದು ಪುಟ ಬೇರೆ. ಜಿಎಸ್‌ಟಿ ಕೆಲಸದ ವಾರದಲ್ಲಿ ಐದು ಪುಟ ಸಾಲಾಗಿ ಖಾಲಿ ಬಿದ್ದರೆ ಆರನೆಯದನ್ನು ತೆರೆಯಲು ಮನಸ್ಸೇ ಬರುವುದಿಲ್ಲ. ಆಗಸ್ಟ್‌ನ ಒಂದು ಸಂಜೆ ಬ್ಯಾಗಿನೊಳಗೆ ಮಳೆನೀರು ಹೋಗಿ ಜೆಲ್ ಪೆನ್ನಿನ ಬರಹವೆಲ್ಲ ನೀಲಿ ಕಲೆಯಾಯಿತು. ಅಲ್ಲಿಗೆ ಅದು ಮುಗಿಯಿತು.

ನೋಟ್ಸ್ ಆ್ಯಪ್ ನೋಡಲು ಚಂದ. ವಿಷಯಕ್ಕೊಂದು ಪುಟ, ಯೂನಿಟ್ಟಿಗೊಂದು ಸಾಲು, ಮುಗಿದದ್ದಕ್ಕೆ ಹಸಿರು, ಬಾಕಿಗೆ ಕೆಂಪು. ಆ ಕೋಷ್ಟಕ ಮಾಡಲು ಎರಡು ಭಾನುವಾರ ಹೋಯಿತು. ಅಷ್ಟು ಹೊತ್ತಿನಲ್ಲಿ ಕಾಸ್ಟಿಂಗಿನ (ವೆಚ್ಚ ಲೆಕ್ಕದ ವಿಷಯ) ಒಂದು ಯೂನಿಟ್ ಮುಗಿಯುತ್ತಿತ್ತು. ಫೋನಿನಲ್ಲಿ ಆ ಅಗಲದ ಕೋಷ್ಟಕವನ್ನು ಅತ್ತಿತ್ತ ಎಳೆಯುತ್ತಾ ಇರಬೇಕು. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರಿಂದ ಅದು ಆಗುವ ಕೆಲಸ ಅಲ್ಲ.

ಈಗ ಫೋನಿನ ಕ್ಯಾಲೆಂಡರ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ಈ ತಪ್ಪು ಯಾರಿಗೂ ಆಗಬಹುದು.

ನಮ್ಮ ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ಒಂದು ಲಿಂಕ್ ಉಂಟು. ಅದನ್ನು ಒತ್ತಿದರೆ ಎಲ್ಲ ಕೊನೆಯ ದಿನಾಂಕಗಳು ತಾವಾಗಿಯೇ ಫೋನಿನ ಕ್ಯಾಲೆಂಡರಿಗೆ ಬಂದು ಕೂರುತ್ತವೆ. ನಾನು ಒಂದು ಅಕ್ಷರವೂ ಟೈಪ್ ಮಾಡಬೇಕಾಗಲಿಲ್ಲ. ಎಷ್ಟು ಸುಲಭ ಅಂದುಕೊಂಡೆ. ಅದರಲ್ಲಿ ಒಂದು ಅಸೈನ್‌ಮೆಂಟಿನ ಕೊನೆಯ ದಿನ ನವೆಂಬರ್ 11. ತಿಂಗಳ 11 ಅಂದರೆ ನಮ್ಮ ಆಫೀಸಿನಲ್ಲಿ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಸಲ್ಲಿಸುವ ಕೊನೆಯ ದಿನವೂ ಹೌದು. ಆವತ್ತು ಸಂಜೆ ಆಫೀಸಿನ ಗಡಿಬಿಡಿ ಮುಗಿಸಿ, ಮನೆಗೆ ಬಂದು, ಊಟ ಮಾಡಿ ನಿಧಾನಕ್ಕೆ ಸಬ್‌ಮಿಟ್ ಮಾಡುವುದೆಂದು ಇಟ್ಟುಕೊಂಡೆ. ಬರೆದು ಮುಗಿದಿತ್ತು. ಪಿಡಿಎಫ್ ಕೂಡ ತಯಾರಿತ್ತು.

11ರ ಬೆಳಿಗ್ಗೆ ಬಸ್ಸಿನಲ್ಲಿ ಸುಮ್ನೆ ಫೋನ್ ತೆಗೆದು ನೋಡಿದರೆ ಹಿಂದಿನ ರಾತ್ರಿ 11:30ಕ್ಕೆ ಬಂದ ಒಂದು ನೋಟಿಫಿಕೇಷನ್. ಅಸೈನ್‌ಮೆಂಟಿಗೆ ಇನ್ನು 30 ನಿಮಿಷ ಉಂಟು ಎಂದು. ಎದೆ ಧಸಕ್ ಎಂದಿತು. ಪೋರ್ಟಲ್ ತೆರೆದೆ. ಅಪ್‌ಲೋಡ್ ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು. ಬಸ್ ಆಗ ಹೆಜಮಾಡಿ ಟೋಲ್ ದಾಟುತ್ತಿತ್ತು.

ಆಗಿದ್ದು ಇಷ್ಟು. ಪೋರ್ಟಲಿನಲ್ಲಿ ಇದ್ದದ್ದು ‘ನವೆಂಬರ್ 11, 12:00 ಎ.ಎಂ.’ ಎಂದು. ಅಂದರೆ 10ನೇ ತಾರೀಕಿನ ರಾತ್ರಿ 12 ಹೊಡೆದ ಕೂಡಲೇ ಬಾಗಿಲು ಬಂದ್. ತಾರೀಕು ಮಾತ್ರ 11, ನಮಗೆ ಸಿಗುವ ಕೊನೆಯ ಹೊತ್ತು 10ರ ರಾತ್ರಿ. ಕ್ಯಾಲೆಂಡರ್ ತಪ್ಪು ಮಾಡಿರಲಿಲ್ಲ. 11ರ ಕಾಲಮ್ಮಿನ ತುತ್ತತುದಿಯಲ್ಲಿ, ಬೆಳಿಗ್ಗೆಯ ಗಂಟೆಗಳಿಗಿಂತ ಎಷ್ಟೋ ಮೇಲೆ ಅದನ್ನು ಇಟ್ಟಿತ್ತು. ಅರ್ಧ ಗಂಟೆ ಮೊದಲು ಸರಿಯಾಗಿ ನೆನಪಿಸಿಯೂ ಇತ್ತು. ಆ ಹೊತ್ತಿಗೆ ನನಗೆ ಗಾಢ ನಿದ್ದೆ. ನಮ್ಮಲ್ಲಿ 30 ಅಂಕ ಅಸೈನ್‌ಮೆಂಟ್‌ಗಳಿಗೆ, 70 ಪರೀಕ್ಷೆಗೆ. ಆ 30ರಲ್ಲಿ 15 ಹೋಯಿತು. ಮೇಲ್ ಮಾಡಿ ಕೇಳಿಕೊಂಡೆ, ಗಡುವು ಮುಗಿದರೆ ಮುಗಿಯಿತು ಎಂದು ಉತ್ತರ ಬಂತು. ಬರೆದು ಮುಗಿಸಿದ್ದ ಕೆಲಸದ ಅಂಕ ಹೋದ ಬೇಜಾರು ನನಗೆ ಈಗಲೂ ಇದೆ.

ಆವತ್ತು ಸಂಜೆ ಇಳಿದವನು ನೇರ ಅಂಗಡಿಗೆ ಹೋಗಿ ನೋಟ್‌ಬುಕ್ ತಂದೆ. ಅಂಗಿಯ ಕಿಸೆಗಿಂತ ಸ್ವಲ್ಪ ದೊಡ್ಡದು, ಗೆರೆ ಹಾಳೆ. ಇದರಲ್ಲಿ ಮಾಡುವುದು ಎರಡೇ ಕೆಲಸ.

ಎಡಪುಟದಲ್ಲಿ ಆ ವಾರದ ಗಡುವುಗಳು. ಪೋರ್ಟಲಿನಲ್ಲಿ ಇದ್ದ ಹಾಗೆ ಅಲ್ಲ, ನನ್ನ ದಿನಕ್ಕೆ ತಿರುಗಿಸಿ. ‘11, 12:00 ಎ.ಎಂ.’ ಎಂದು ಇದ್ದರೆ ನಾನು ಬರೆಯುವುದು ‘9, ಸೋಮವಾರ ರಾತ್ರಿ ಊಟಕ್ಕೆ ಮೊದಲು ಕಳಿಸಬೇಕು’ ಎಂದು. ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಬರೆಯುವುದು. ಕೈಯಲ್ಲಿ ಬರೆಯುವಾಗ ಆ ದಿನ ಎಲ್ಲಿರುತ್ತೇನೆ, ಕರೆಂಟ್ ಇರುತ್ತದಾ, ಆಫೀಸಿನಲ್ಲಿ ಏನು ಉಂಟು ಎಂದು ತಲೆ ತಾನಾಗಿ ಯೋಚಿಸುತ್ತದೆ. ತಾವಾಗಿ ಬಂದು ಕೂತ ತಾರೀಕನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ.

ಬಲಪುಟದ ಮೇಲೆ ‘ನಿಲ್ಲಿಸಿದ ಜಾಗ’ ಎಂದು ಬರೆದಿರುತ್ತೇನೆ. ಓದು ನಿಲ್ಲಿಸುವಾಗ ಒಂದೇ ಸಾಲು. ಮೊನ್ನೆಯದು ಹೀಗಿದೆ: ‘ಕಾಸ್ಟಿಂಗ್, ಯೂನಿಟ್ 3, ವಿಡಿಯೋ 2, 14ನೇ ನಿಮಿಷ. ಮುಂದೆ: ಓವರ್‌ಹೆಡ್ ಹಂಚುವ 4ನೇ ಲೆಕ್ಕ, ಮೂರನೆಯದರ ಉತ್ತರ ತಾಳೆ ಆಗಿಲ್ಲ.’ ಬಸ್ ಲಾಲ್‌ಬಾಗ್ ಬಿಟ್ಟು ಪಿವಿಎಸ್‌ಗೆ ಬರುವಷ್ಟರಲ್ಲಿ ಇದನ್ನು ಬರೆದು ಮುಗಿಯುತ್ತದೆ. ಪೆನ್ಸಿಲಿನಲ್ಲೇ ಬರೆಯುತ್ತೇನೆ, ಒದ್ದೆಯಾದರೂ ಅಳಿಸುವುದಿಲ್ಲ.

ನನಗೆ ದೊಡ್ಡ ಉಪಕಾರ ಆದದ್ದು ಈ ಸಾಲಿನಿಂದ. ಮೊದಲು ಮಾಡಿದ ಟೈಮ್‌ಟೇಬಲ್‌ಗಳೆಲ್ಲ ಯಾವಾಗ ಓದಬೇಕು ಎಂದು ಹೇಳುತ್ತಿದ್ದವು. ನನಗೆ ಸಮಯ ಸಿಗುವುದು ನನ್ನ ಕೈಯಲ್ಲಿ ಇಲ್ಲ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 20ಕ್ಕೆ ಜಿಎಸ್‌ಟಿಯ ಇನ್ನೊಂದು ರಿಟರ್ನ್ 3ಬಿ, ಸೆಪ್ಟೆಂಬರ್ ಪೂರ್ತಿ ಆಡಿಟ್. ಸೀಟು ಸಿಕ್ಕಿದಾಗ ಓದಬೇಕು, ಸಿಗದಿದ್ದರೆ ಇಲ್ಲ. ಹಾಗಿರುವಾಗ ಬೇಕಾಗುವುದು ಎಲ್ಲಿಂದ ಶುರು ಮಾಡಲಿ ಎಂಬುದಕ್ಕೆ ಉತ್ತರ. ಮೊದಲು ಬಸ್ಸಿನ ಹತ್ತು ಹದಿನೈದು ನಿಮಿಷ ಅದನ್ನು ಹುಡುಕುವುದರಲ್ಲೇ ಹೋಗುತ್ತಿತ್ತು. ಈಗ ಕೂತ ಕೂಡಲೇ ಶುರು.

ಗೋಡೆ ಕ್ಯಾಲೆಂಡರ್ ಯಾಕೆ ಅಂದರೆ ಅಮ್ಮನಿಗಾಗಿ. ಸಂಕ್ರಮಣ, ಚೌತಿ, ಪತ್ತನಾಜೆ ಎಲ್ಲ ಅದರಲ್ಲೇ ಇರುತ್ತದೆ. ಮನೆಯವರ ಕಾರ್ಯಕ್ರಮ ನಿಶ್ಚಯ ಆಗುವುದೂ ಅದನ್ನು ನೋಡಿಯೇ. ಕುಟುಂಬದ ಮನೆಯ ತಂಬಿಲ (ದೈವಗಳ ಪೂಜೆ) ನನ್ನ ಆನ್‌ಲೈನ್ ಕ್ವಿಜ್ ದಿನವೇ ಬಿದ್ದಿತ್ತು. “ಫೋನಿನೊಳಗೆ ಇದ್ದದ್ದು ನನಗೆ ಹೇಗೆ ಗೊತ್ತಾಗುವುದು ಮಗಾ? ಇಲ್ಲಿ ಬರೆದು ಇಡಬಾರದಿತ್ತಾ?” ಎಂದರು ಅಮ್ಮ. ಅವರು ಹೇಳಿದ್ದು ಸರಿಯೇ. ಅಂದಿನಿಂದ ಪರೀಕ್ಷೆ, ಕ್ವಿಜ್ ಎಲ್ಲ ಕೆಂಪು ಪೆನ್ನಿನಲ್ಲಿ ಆ ಚೌಕಗಳಲ್ಲಿ ಇರುತ್ತದೆ. ಅತ್ತೆ, ಮಾವ ಬಂದರೂ ನೋಡುತ್ತಾರೆ.

ಫೋನಿನ ಕ್ಯಾಲೆಂಡರನ್ನು ಪೂರ್ತಿ ಬಿಟ್ಟಿಲ್ಲ. ಭಾನುವಾರದ ಲೈವ್ ಕ್ಲಾಸಿನ ಲಿಂಕ್ ಅದರಲ್ಲೇ ಇದೆ, ಅದಕ್ಕೆ ಅದೇ ಒಳ್ಳೆಯದು. ನಿಮ್ಮದು ದಿನಾ ನಿಗದಿತ ಹೊತ್ತಿನ ಕೆಲಸ, ಮನೆ ಹತ್ತಿರ, ರಾತ್ರಿ ಮೇಜಿನ ಮುಂದೆ ಎರಡು ಗಂಟೆ ಕೂರಲು ಆಗುತ್ತದೆ ಎಂದಾದರೆ ಫೋನಿನ ಕ್ಯಾಲೆಂಡರ್ ಸಾಕು. ರಿಮೈಂಡರನ್ನು ಮಾತ್ರ ಒಂದು ದಿನ ಮೊದಲಿಗೆ ಬದಲಾಯಿಸಿಕೊಳ್ಳಿ. ಲ್ಯಾಪ್‌ಟಾಪಿನಲ್ಲೇ ಓದುವವರಿಗೆ ನೋಟ್ಸ್ ಆ್ಯಪ್ ಹಿಡಿಸಬಹುದು. ಪ್ಲಾನರ್ ಬೇಕೇ ಬೇಕು ಅಂದರೆ ತಾರೀಕು ಅಚ್ಚಾಗದೇ ಇರುವುದನ್ನೇ ತೆಗೆದುಕೊಳ್ಳಿ.

ನನ್ನ ಎರಡನೇ ಸೆಮಿಸ್ಟರ್ ಜನವರಿಯಿಂದ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧ ಹಾಳೆ ಉಳಿದಿದೆ. ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದಾಯಿತು. ಊರಿನ ದೈವದ ನೇಮದ ದಿನಕ್ಕೆ ಅಮ್ಮ ಆಗಲೇ ಸುತ್ತು ಹಾಕಿದ್ದಾರೆ. ಅದರ ಹಿಂದಿನ ದಿನದ ಚೌಕದಲ್ಲಿ ನಾನು ಕೆಂಪಿನಲ್ಲಿ ಬರೆದಿದ್ದೇನೆ, ‘ಅಸೈನ್‌ಮೆಂಟ್ 1 ಕಳಿಸಿ ಆಗಿರಬೇಕು.’