ಕ್ಲೋನಾಜೆಪಾಮ್ 0.5: 14 ತಿಂಗಳು ನುಂಗಿದವಳ ವಿಮರ್ಶೆ

ಮಿಕ್ಸಿ ಕೊಂಡರೆ ವಿಮರ್ಶೆ ಬರೆಯುತ್ತೇವೆ, ಚಪ್ಪಲಿ ಕೊಂಡರೂ ಬರೆಯುತ್ತೇವೆ. ದಿನಾ ನುಂಗುವ ಮಾತ್ರೆಗೆ ಯಾಕೆ ಬರೆಯಬಾರದು? ನಾನು ಡಾಕ್ಟರಲ್ಲ, ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಕ್ಲೋನಾಜೆಪಾಮ್ 0.5 ಮಿಲಿಗ್ರಾಂ ಮಾತ್ರೆಯನ್ನು 14 ತಿಂಗಳು ತಗೊಂಡೆ. ಬಿಡೋಕೆ ಮತ್ತೆ ಏಳು ತಿಂಗಳು ಹಿಡಿಯಿತು.

ಶುರುವಾಗಿದ್ದು ಲಿಫ್ಟಿನಲ್ಲಿ. ಇದ್ದಕ್ಕಿದ್ದಂತೆ ಎದೆ ಡವಡವ, ಅಂಗೈ ತಣ್ಣಗೆ, ಎಷ್ಟು ಎಳೆದರೂ ಉಸಿರು ಸಾಲದು. ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಇಸಿಜಿ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಅದೇ ವಾರ ಇನ್ನೂ ಎರಡು ಸಲ ಹಾಗೇ ಆಯಿತು. ಪ್ಯಾನಿಕ್ ಅಟ್ಯಾಕ್ ಅಂದ ಮನೋವೈದ್ಯರು ಎರಡು ಮಾತ್ರೆ ಬರೆದರು. ಒಂದು ನಿಧಾನಕ್ಕೆ ಹಿಡಿಯುವಂಥದ್ದು, ಗುಣ ಕಾಣೋಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ಆಸರೆಗೆ ಇರಲಿ ಅಂತ ಇನ್ನೊಂದು. ಅದೇ ಇದು. ರಾತ್ರಿ ಒಂದು, ಮೂರು ವಾರ ಮಾತ್ರ.

ಮೊದಲ ರಾತ್ರಿ ಮುಕ್ಕಾಲು ಗಂಟೆ ಆಗಿರಬೇಕು, ನನ್ನ ಹೆಗಲು ಕೆಳಗಿಳಿಯಿತು. ಅಷ್ಟು ದಿನ ಅದನ್ನು ಕಿವಿಯ ಹತ್ತಿರ ಎತ್ತಿ ಹಿಡಿದಿದ್ದೆ ಅಂತ ಗೊತ್ತಾಗಿದ್ದೇ ಆಗ. ದವಡೆ ಸಡಿಲವಾಯಿತು. ಭಯ ಎಲ್ಲೋ ಪಕ್ಕದ ಮನೆಯ ಟಿವಿ ಸದ್ದಿನ ಹಾಗೆ ದೂರ ಹೋಯಿತು. ಬೆಳಿಗ್ಗೆವರೆಗೂ ಒಂದೇ ನಿದ್ದೆ. ಹೇಳಿದ ಕೆಲಸವನ್ನು ಹೇಳಿದ ದಿನವೇ ಇಷ್ಟು ಚೆನ್ನಾಗಿ ಮಾಡುವ ವಸ್ತುವನ್ನು ನಾನು ಇನ್ನೊಂದು ಕಂಡಿಲ್ಲ.

ಮಾಡುವುದಾದರೂ ಏನು? ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಗಳಿಗೆ 'ಸಾಕು, ಸುಮ್ನಿರು' ಅನ್ನುವುದು ಅದರ ಕೆಲಸ. ನನ್ನ ಮಾತ್ರೆ ಸೇರಿದ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆಗಳು ಆ ಮಾತಿಗೆ ದನಿ ಏರಿಸುತ್ತವೆ. ಅದಕ್ಕೇ ಒಂದೇ ಗುಂಪಿನ ಔಷಧಿ ಭಯಕ್ಕೂ ಆಗುತ್ತದೆ, ನಿದ್ದೆಗೂ ಆಗುತ್ತದೆ, ಕುಡಿತ ಬಿಟ್ಟವರ ನಡುಕಕ್ಕೂ, ಫಿಟ್ಸಿಗೂ ಆಗುತ್ತದೆ. ಅಣ್ಣನ ಮಗನಿಗೆ ಒಮ್ಮೆ ಫಿಟ್ಸ್ ಬಂದು ನಿಲ್ಲದೇ ಹೋದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದು ಇದೇ ಗುಂಪಿನ ಲೊರಾಜೆಪಾಮ್ ಇಂಜೆಕ್ಷನ್. ಸ್ವಲ್ಪ ಹೊತ್ತಿಗೇ ಮಗುವಿನ ಮುಷ್ಟಿ ಬಿಚ್ಚಿಕೊಂಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹಾಗಾಗಿ 'ಇವೆಲ್ಲ ವಿಷ ಕಣ್ರೀ' ಅನ್ನುವವರ ಜೊತೆ ನಾನು ತಲೆ ಆಡಿಸಲ್ಲ.

ಮೂರು ವಾರ ಮುಗಿಯಿತು. ಆಡಿಟ್ ಒಂದು ಮುಗೀಲಿ, ಆಮೇಲೆ ಬಿಡ್ತೀನಿ ಅಂದುಕೊಂಡೆ. ಆಡಿಟ್ ಮುಗಿಯಿತು, ಅಮ್ಮನ ಕಣ್ಣಿನ ಆಪರೇಷನ್ ಬಂತು. ಮೊದಲಿನ ಡಾಕ್ಟರು ಬೇರೆ ಕಡೆ ಹೋದರು. ಹೊಸಬರು ಹಳೇ ಚೀಟಿ ನೋಡಿ ಅದನ್ನೇ ಮತ್ತೆ ಬರೆದರು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಲೆಕ್ಕದಲ್ಲಿ ಕೊಡುವ ಮಾತ್ರೆ ಇದು. ನನ್ನ ಮನೆಯಲ್ಲಿ ಟೂತ್‌ಪೇಸ್ಟ್ ಪಕ್ಕ ಖಾಯಂ ಜಾಗ ಹಿಡಿಯಿತು.

ಕೆಲವು ತಿಂಗಳಾದ ಮೇಲೆ ಮೊದಲಿನ ನಿದ್ದೆ ಇರಲಿಲ್ಲ. ದೇಹ ಅಷ್ಟಕ್ಕೆ ಒಗ್ಗಿಹೋಗಿತ್ತು. ಆದರೆ ಬೆಳಗಿನ ಮಂಪರು ಮಾತ್ರ ಹಾಗೇ ಉಳಿದಿತ್ತು, ಸ್ಕೂಟರ್ ಓಡಿಸುವಾಗ ಸಿಗ್ನಲ್ ಹಸಿರಾದರೂ ಹಿಂದಿನವರು ಹಾರ್ನ್ ಹೊಡೆಯಬೇಕಿತ್ತು. ಒಂದು ದಿನ ಅಕ್ಕ ಫೋನ್ ಮಾಡಿ "ಟಿಕೆಟ್ ಮಾಡಿಸಿದೆ ಕಣೇ" ಅಂದಳು. ಯಾವ ಟಿಕೆಟ್? "ನಿನ್ನೆ ರಾತ್ರಿ ಅರ್ಧ ಗಂಟೆ ಮಾತಾಡಿದ್ವಲ್ಲೇ, ನೀನೇ ಬರ್ತೀನಿ ಅಂದೆ!" ಕಾಲ್ ಲಿಸ್ಟ್ ನೋಡಿದೆ. 10:20ಕ್ಕೆ ಕರೆ ಬಂದಿದೆ, 31 ನಿಮಿಷ. ನನಗೆ ಒಂದು ಮಾತೂ ನೆನಪಿಲ್ಲ. ಲೆಕ್ಕ ಬರೆಯುವವಳಿಗೆ ಇದಕ್ಕಿಂತ ಹೆದರಿಕೆ ಬೇಕಾ?

ಅವತ್ತೇ ಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಎರಡು ದಿನ ಏನೂ ಆಗಲಿಲ್ಲ, ಗೆದ್ದೆ ಅಂತ ಬೀಗಿದೆ. ಗೆದ್ದಿದ್ದೇನೂ ಅಲ್ಲ, ಈ ಮಾತ್ರೆಯ ಅರ್ಧ ಪಾಲು ರಕ್ತದಿಂದ ಹೋಗೋಕೇ 30ರಿಂದ 40 ಗಂಟೆ ಬೇಕು. ಮೂರನೇ ದಿನ ಹಿಡಿಯಿತು. ಚಮಚ ಬಿದ್ದರೆ ತಲೆಯೊಳಗೆ ಬಿದ್ದ ಹಾಗೆ. ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತಿತ್ತು. ಕೈ ನಡುಗಿ ಸಹಿ ಬೇರೆಯವರದ್ದರ ಹಾಗೆ ಬಂತು. ನಿದ್ದೆಯಂತೂ ಇಲ್ಲವೇ ಇಲ್ಲ. ಡಾಕ್ಟರು ಬೈದರು: "ಹೀಗೆ ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಯಾರನ್ನು ಕೇಳಿ ಬಿಟ್ರಿ?" ಯಾರನ್ನು ಕೇಳಿ ಅಷ್ಟು ತಿಂಗಳು ತಗೊಂಡೆ ಅಂತ ನಾನೂ ಕೇಳಬಹುದಿತ್ತು, ಕೇಳಲಿಲ್ಲ.

ಮತ್ತೆ ಪೂರ್ತಿ ಮಾತ್ರೆಗೆ ವಾಪಸ್. ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುವುದು. ಈ ಮಾತ್ರೆಯ ನಡುವೆ ಒಂದು ಗೀಟು ಇರುತ್ತದೆ, ಅರ್ಧ ಮಾಡೋಕೆ. ಕಾಲು ಮಾಡೋಕೆ ಯಾವ ಗೀಟೂ ಇಲ್ಲ. ಬ್ಲೇಡ್ ಇಟ್ಟು ಒತ್ತಿದರೆ ಒಂದು ಚೂರು ಮೇಜಿನ ಕೆಳಗೆ ಹಾರುತ್ತದೆ, ಇನ್ನೊಂದು ಪುಡಿಯಾಗುತ್ತದೆ. ನಾಲ್ಕು ಕಾಲುಗಳಲ್ಲಿ ಯಾವುದು ದೊಡ್ಡದು ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ದೊಡ್ಡ ಚೂರನ್ನು ಭಾನುವಾರ ರಾತ್ರಿಗೆ ಎತ್ತಿಡುತ್ತಿದ್ದೆ, ಸೋಮವಾರ ಮೀಟಿಂಗ್ ಇರುತ್ತಿತ್ತಲ್ವಾ. ಆಮೇಲೆ ಡಾಕ್ಟರೇ 0.25 ಮಾತ್ರೆ ಬರೆದುಕೊಟ್ಟರು, ಬ್ಲೇಡಿನ ಕೆಲಸ ಅರ್ಧ ಕಡಿಮೆಯಾಯಿತು. ಪ್ರತಿ ಸಲ ಇಳಿಸಿದಾಗಲೂ ಒಂದು ವಾರ ಒದ್ದಾಟ, ಮತ್ತೆ ತಣ್ಣಗೆ. ಈ ವೇಗ ನನ್ನದು. ನಿಮಗೆ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು.

ಬೆಂಜೊಡಯಾಜೆಪೀನ್ ಗುಂಪಿನ ಮೊದಲ ಮಾತ್ರೆ ರಸಾಯನ ವಿಜ್ಞಾನಿ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಲಿಬ್ರಿಯಂ, ಮಾರುಕಟ್ಟೆಗೆ ಬಂದಿದ್ದು 1960ರಲ್ಲಿ. 1963ರಲ್ಲಿ ವ್ಯಾಲಿಯಂ ಬಂತು. ಅದಕ್ಕೂ ಮೊದಲು ನಿದ್ದೆಗೆ, ಭಯಕ್ಕೆ ಕೊಡುತ್ತಿದ್ದ ಬಾರ್ಬಿಟ್ಯುರೇಟ್ ಮಾತ್ರೆಗಳು ಸ್ವಲ್ಪ ಹೆಚ್ಚಾದರೂ ಜೀವ ತೆಗೆಯುತ್ತಿದ್ದವು, ಅವುಗಳ ಮುಂದೆ ಇವು ಸಾಧುವಾಗಿ ಕಂಡವು. ಸಾಧುತನ ಒಂಟಿಯಾಗಿದ್ದಾಗ ಮಾತ್ರ. ಮದ್ಯದ ಜೊತೆ ಅಥವಾ ಓಪಿಯಾಯ್ಡ್ (ಮಾರ್ಫಿನ್‌ನಂಥ) ನೋವು ನಿವಾರಕಗಳ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಓಪಿಯಾಯ್ಡ್ ಜೊತೆ ಸೇರಿಸುವ ಅಪಾಯದ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಚಟ, ಬಿಡುವಾಗಿನ ತೊಂದರೆಗಳ ಎಚ್ಚರಿಕೆ ಸೇರಿದ್ದು 2020ರಲ್ಲಿ. ಮೊದಲ ಮಾತ್ರೆ ಬಂದು 60 ವರ್ಷ ಆದಮೇಲೆ!

ನಿದ್ದೆ ಬರಲ್ಲ ಅಂತ ಅಮ್ಮ ಒಮ್ಮೆ "ನಂಗೂ ಅರ್ಧ ಕೊಡೇ" ಅಂದಳು. ಕೊಡಲಿಲ್ಲ. ವಯಸ್ಸಾದವರಿಗೆ ಇದರಿಂದ ತೂರಾಟ, ರಾತ್ರಿ ಎದ್ದು ಬಿದ್ದರೆ ಸೊಂಟದ ಮೂಳೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಇರಲಿ.

ಅಂಕ ಕೊಡಲೇಬೇಕಾ? ಮೊದಲ ಮೂರು ವಾರಕ್ಕೆ 5ಕ್ಕೆ 5. ಆಮೇಲಿನ ತಿಂಗಳುಗಳಿಗೆ 1, ಅದೂ ಆ ನಿಧಾನದ ಮಾತ್ರೆ ಹಿಡಿಯುವವರೆಗೆ ಕೆಲಸಕ್ಕೆ ಹೋಗೋ ಹಾಗೆ ಮಾಡಿತು ಅಂತ. ಡಬ್ಬದೊಳಗಿನ ಹಾಳೆಗೆ ಸೊನ್ನೆ. ದಿಢೀರ್ ನಿಲ್ಲಿಸಬೇಡಿ ಅನ್ನುವ ಸಾಲು ಅದರಲ್ಲಿ ಇದ್ದೇ ಇತ್ತು, ಇರುವೆ ಕಾಲಿನಷ್ಟು ಅಕ್ಷರದಲ್ಲಿ, ಎರಡನೇ ಮಗ್ಗುಲಿನ ಮಡಿಕೆಯಲ್ಲಿ. ಮಾತ್ರೆ ಪೂರ್ತಿ ಬಿಟ್ಟ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ.