ಪೆನ್‌ಡ್ರೈವ್‌ಗೆ ಬೀಗ: ಬಿಟ್‌ಲಾಕರ್ ಟು ಗೋ ಅಥವಾ ವೆರಾಕ್ರಿಪ್ಟ್?

ಅಂಕಪಟ್ಟಿ, ಆಧಾರ್ ಪ್ರತಿ, ಬ್ಯಾಂಕಿನ ವಿವರಗಳಿರುವ ಪೆನ್‌ಡ್ರೈವ್ ಕಳೆದುಹೋದರೂ ಸಿಕ್ಕವರು ಅದನ್ನು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಲು ಯಾವ ತಂತ್ರಾಂಶ ಸೂಕ್ತವೆಂಬುದು, ನೀವು ಅದನ್ನು ಯಾವ ಕಂಪ್ಯೂಟರುಗಳಲ್ಲಿ ಬಳಸುತ್ತೀರಿ ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

2009ರಲ್ಲಿ ವಿಂಡೋಸ್ 7ರೊಂದಿಗೆ ಬಂದ ಬಿಟ್‌ಲಾಕರ್ ಟು ಗೋ ಬಳಕೆಗೆ ಸುಲಭ. ಆದರೆ ವಿಂಡೋಸ್‌ನ ಹೋಮ್ ಆವೃತ್ತಿಯು ಈ ಬೀಗವನ್ನು ತೆರೆಯಬಲ್ಲದೇ ಹೊರತು ಹೊಸದಾಗಿ ಹಾಕಲಾರದು. ಅದಕ್ಕೆ ಪ್ರೊ ಆವೃತ್ತಿ ಬೇಕು. ಮ್ಯಾಕ್‌ನಲ್ಲಿ ಬೇರೆ ತಂತ್ರಾಂಶವಿಲ್ಲದೆ ಇದು ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತರೆ 48 ಅಂಕಿಗಳ ರಿಕವರಿ ಕೀ ಕೈಹಿಡಿಯುತ್ತದೆ, ಅದನ್ನು ಬರೆದ ಚೀಟಿ ಪೆನ್‌ಡ್ರೈವ್ ಜೊತೆಯಲ್ಲೇ ಕಳೆದುಹೋಗಿರದಿದ್ದರೆ.

ಟ್ರೂಕ್ರಿಪ್ಟ್ ಎಂಬ ಹಳೆಯ ಎನ್‌ಕ್ರಿಪ್ಶನ್ ತಂತ್ರಾಂಶದಿಂದ 2013ರಲ್ಲಿ ಕವಲೊಡೆದ ವೆರಾಕ್ರಿಪ್ಟ್ ಉಚಿತವಾಗಿದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಡೀ ಡ್ರೈವ್ ಬದಲು ಒಂದೇ ಕಂಟೇನರ್ ಫೈಲಿನೊಳಗೆ ಗುಟ್ಟಿನ ಕಡತಗಳನ್ನಿಟ್ಟು ಉಳಿದ ಜಾಗವನ್ನು ಮಾಮೂಲಿನಂತೆ ಬಳಸಬಹುದು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ ಮಾತ್ರ ಆ ಫೈಲು 4 ಜಿಬಿ ಮೀರುವಂತಿಲ್ಲ. ಬಿಟ್‌ಲಾಕರ್‌ನಲ್ಲಿರುವಂತೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಸಿಡಬಹುದಾದ ರಿಕವರಿ ಕೀ ಇಲ್ಲಿಲ್ಲ, ಪಾಸ್‌ವರ್ಡ್ ಮರೆತರೆ ಕಡತಗಳೂ ಹೋದಂತೆಯೇ.

ಮನೆ, ಕಚೇರಿ ಎರಡೂ ಕಡೆ ವಿಂಡೋಸ್ ಇದ್ದು ಒಂದರಲ್ಲಾದರೂ ಪ್ರೊ ಇರುವವರಿಗೆ ಬಿಟ್‌ಲಾಕರೇ ಸಾಕು; ಉಳಿದವರಿಗೆ ನನ್ನ ಆಯ್ಕೆ ವೆರಾಕ್ರಿಪ್ಟ್. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ನಡೆಸಲು ಅಡ್ಮಿನ್ ಅನುಮತಿ ಬೇಕಾಗುವುದರಿಂದ, ಮುದ್ರಿಸಬೇಕಾದ ಒಂದು ಕಡತವನ್ನಷ್ಟೇ ಬೇರೆ ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಲೇಸು.